ಎರಡು ಕನ್ನಡಿಗಳ ನಡುವೆ ನಮ್ಮ ಭಾವ

ನಮ್ಮ ಭಾವನವರ ಎದುರಿಗೆ ಕನ್ನಡಿ ಎಂಬ ಶಬ್ದವನ್ನು ನೀವು ತಪ್ಪಿಯೂ ಆಡಬಾರದು. ಆಡಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ! ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಬಸ್ಸು ತಪ್ಪಿಸಿಕೊಂಡವರದೇ ಒಂದು ಸಂಘ ಕಟ್ಟಬಹುದು. ನಾನಂತೂ ಅದರ ಆಜೀವ ಸದಸ್ಯೆ. ಅಕ್ಕನನ್ನು ನೋಡಲು ಉದಗೀರದಿಂದ ಬಂದವಳು, ತಿರುಗಿ ಹೊರಡುವಾಗ ಬಾಯಿ ಜಾರಿ 'ಈ ಬಸ್ಸಿನ ಕನ್ನಡಿ ಒಡೆದಿದೆಯಲ್ಲ' ಎಂದುಬಿಟ್ಟೆ. ಆ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ಭಾವ ಮಾತ್ರ ಇನ್ನೂ ಪೀಠಿಕೆಯಲ್ಲೇ ಇದ್ದರು.

ಭಾವ ಎಂದರೆ ನನ್ನ ಸ್ವಂತ ಅಕ್ಕನ ಗಂಡ. ಮನೆ ಉಮರ್ಗಾದಲ್ಲಿ, ಹೆದ್ದಾರಿಗೆ ಹತ್ತಿದ ಓಣಿಯಲ್ಲಿ. ಕೆಲಸ ನಿಲಂಗಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು. ಒಮ್ಮೆ ಅಧ್ಯಾಪಕರಿಗೆಂದು ಪುಣೆಯಲ್ಲಿ ನಡೆದ ತರಬೇತಿಗೆ ಹೋಗಿದ್ದರು. ಜೊತೆಗೆ ಹೋದ ಮಾಸ್ತರರೆಲ್ಲ ಹೆಂಡತಿಯರಿಗೆ ಸೀರೆ ತಂದರು. ನಮ್ಮವರು ತಂದದ್ದು ಪೊಲಾರಿಟಾನ್.

ಅದೇನೆಂದು ಕೇಳುತ್ತೀರಾ? ಕೇಳದಿದ್ದರೂ ಹೇಳುತ್ತೇನೆ, ನನಗೂ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬೇಕಲ್ಲ! ಎರಡು ಕನ್ನಡಿಗಳು. ತಲೆ ಬಾಚುವ ಕನ್ನಡಿಯಲ್ಲ. ಪದರದ ಮೇಲೆ ಪದರ ಬೆಳೆಸಿದ, ಬೆಳಕನ್ನು ಸುಲಭಕ್ಕೆ ಸೋರಗೊಡದ ಕನ್ನಡಿಗಳು. ಅವುಗಳ ನಡುವೆ ಬೆಳಕಿನ ಒಂದು ಅಲೆ ಹಿಡಿಸುವಷ್ಟೇ ಜಾಗ. ಆ ಜಾಗದಲ್ಲಿ ಅರೆವಾಹಕದ ಒಂದು ತೆಳು ಪದರ, ಅಂದರೆ ನಿಮ್ಮ ಮೊಬೈಲಿನ ಹೊಟ್ಟೆಯಲ್ಲಿರುವ ಜಾತಿಯ ವಸ್ತು. ಬೆಳಕು ಒಳಗೆ ಸಿಕ್ಕಿಬಿದ್ದು ಆ ಕನ್ನಡಿಯಿಂದ ಈ ಕನ್ನಡಿಗೆ ಓಡಾಡುತ್ತದೆ. ನಡುವಿನ ವಸ್ತು ಅದನ್ನು ನುಂಗುತ್ತದೆ, ಉಗುಳುತ್ತದೆ, ಮತ್ತೆ ನುಂಗುತ್ತದೆ. ಈ ಕೊಡುಕೊಳ್ಳುವಿಕೆ ಎಷ್ಟು ಚುರುಕೆಂದರೆ, ಕೊನೆಗೆ ಬೆಳಕು ಯಾವುದು, ವಸ್ತು ಯಾವುದು ಎಂದು ದೇವರೇ ಬಂದರೂ ಬೇರೆ ಮಾಡಲಾಗದಂತೆ. ಅರ್ಧ ಬೆಳಕು, ಅರ್ಧ ವಸ್ತುವಾದ ಹೊಸದೊಂದು ಹುಟ್ಟುತ್ತದೆ. ಅದೇ ಪೊಲಾರಿಟಾನ್. ತೂಕವೆನ್ನುವುದು ಇದ್ದೂ ಇಲ್ಲದಷ್ಟು. ಆದರೆ ಬೆಳಕಿಗಿಲ್ಲದ ಒಂದು ಗುಣ ಅದಕ್ಕಿದೆ. ಎದುರಿಗೆ ಬಂದ ತನ್ನ ಜಾತಿಯವರಿಗೆ ಡಿಕ್ಕಿ ಹೊಡೆಯುತ್ತದೆ. ನಮ್ಮ ಭಾವನವರಾದರೋ ಜಾತಿ ನೋಡದೆ ಎಲ್ಲರಿಗೂ ಡಿಕ್ಕಿ ಹೊಡೆಯುತ್ತಾರೆ.

ಬಸ್‌ಸ್ಟ್ಯಾಂಡಿನ ಹಿಂದಿರುವ ಕ್ಷೌರದಂಗಡಿಯನ್ನೇ ನೋಡಿ. ಅಲ್ಲಿ ಮುಂದೊಂದು, ಹಿಂದೊಂದು ಕನ್ನಡಿ. ಭಾವನವರಿಗೆ ಅಷ್ಟು ಸಾಕು. ದಾಳಿಂಬ ಎಂಬ ಊರಿನ ಟ್ರ್ಯಾಕ್ಟರ್ ಮಾಲೀಕನೊಬ್ಬ ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕುಳಿತಿದ್ದನಂತೆ. ಒಂದು ಗಲ್ಲ ಆಗಿತ್ತು, ಇನ್ನೊಂದು ಗಲ್ಲ ಬಾಕಿ. ಭಾವ ಒಳಗೆ ಕಾಲಿಟ್ಟು, ಆ ಗಿರಾಕಿಯೇ ಅರೆವಾಹಕವೆಂದು ಘೋಷಿಸಿ, ಅವನ ಗದ್ದ ಹಿಡಿದು ಎರಡು ಕನ್ನಡಿಗಳ ನಡುವೆ ನೇರ ಮಾಡಿ, ಪಾಠ ಶುರು ಮಾಡಿದರು. ಸಾಬೂನು ಒಣಗಿತು. ಮದುವೆಯ ವ್ಯಾನು ಹೊರಗೆ ಹಾರ್ನ್ ಹೊಡೆಯಿತು. ದಾಳಿಂಬದವನು ತಮ್ಮನ ಮದುವೆಯಲ್ಲಿ ಅರ್ಧ ಗಡ್ಡದಲ್ಲೇ ಅಕ್ಷತೆ ಹಾಕಿದ! ಅಂದಿನಿಂದ ಅಂಗಡಿಯವನು ಭಾವನವರನ್ನು ದೂರದಿಂದ ಕಂಡರೆ ಹಿಂದಿನ ಕನ್ನಡಿಗೆ ಟವೆಲು ಇಳಿಬಿಡುತ್ತಾನೆ. ಯಾಕಪ್ಪಾ ಎಂದರೆ, "ಏನ್ ಮಾಡ್ಲಿರೀ ಬಾಯಾರ, ಧಂದಾ ನಡೀಬೇಕಲ್ಲ" ಎನ್ನುತ್ತಾನೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನನ್ನ ಸಿಟ್ಟಿಗೆ ಬೇರೆ ಕಾರಣವಿತ್ತು, ಅದು ನನ್ನ ಅಕ್ಕ.

ತೊಂಬತ್ತಮೂರರ ದೊಡ್ಡ ಭೂಕಂಪವಾದಾಗ ಅಕ್ಕ ನಿಲಂಗಾ ತಾಲ್ಲೂಕಿನ ನಮ್ಮ ತವರಿನಲ್ಲಿದ್ದಳು. ಗಣಪತಿಯನ್ನು ಕಳಿಸಿ ಬಂದು ಎಲ್ಲರೂ ಮಲಗಿದ್ದರು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಕ್ಕನನ್ನು ಹೊರಗೆ ಎಳೆದರು. ಪಕ್ಕದಲ್ಲೇ ಮಲಗಿದ್ದ ಅವ್ವ ಸಿಕ್ಕಲಿಲ್ಲ, ಅಂದರೆ ಜೀವಂತ ಸಿಕ್ಕಲಿಲ್ಲ. ಅಂದಿನಿಂದ ಅಕ್ಕ ಗಟ್ಟಿ ಮಾಳಿಗೆಯ ಕೆಳಗೆ ನೆಲಕ್ಕೆ ಬೆನ್ನು ಹಚ್ಚಿದವಳಲ್ಲ. ಭಾವ ಉಮರ್ಗಾದಲ್ಲಿ ಕಬ್ಬಿಣ, ಸಿಮೆಂಟು ಸುರಿದು ಚಂದದ ಮನೆ ಕಟ್ಟಿಸಿದರು. ಅಕ್ಕ ಅದರಲ್ಲಿ ಅಡುಗೆ ಮಾಡುತ್ತಾಳೆ, ಲಿಂಗಪೂಜೆ ಮಾಡುತ್ತಾಳೆ, ಬಂದವರಿಗೆ ಚಹಾ ಕೊಡುತ್ತಾಳೆ. ಮಲಗುವುದಕ್ಕೆ ಮಾತ್ರ ಅಂಗಳದ ಪತ್ರಾ ಶೆಡ್ಡು, ಅಂದರೆ ತಗಡಿನ ಮಾಡು. 'ಪತ್ರಾ ಬಿದ್ರ ಗಾಯ ಆಗ್ತದ, ಸ್ಲ್ಯಾಬ್ ಬಿದ್ರ ಹೆಣ ಆಗ್ತದ' ಎಂಬುದು ಅವಳ ಲೆಕ್ಕ.

ಮರಾಠವಾಡದ ಬೇಸಿಗೆಯಲ್ಲಿ ಪತ್ರಾ ಶೆಡ್ಡೆಂದರೆ ಕಾದ ಹಂಚು. ಹರೆಯದಲ್ಲಿ ಹೇಗೋ ತಡೆದಳು. ಈಗ ಬಿಪಿ ಬಂದಿದೆ. ಹೋದ ಬೇಸಿಗೆಯಲ್ಲಿ ಶೆಡ್ಡಿನಲ್ಲೇ ಎಚ್ಚರ ತಪ್ಪಿ ಬಿದ್ದಳು. ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಬೇಸಿಗೆ ಅಲ್ಲಿ ಕಳೆದರೆ ತಾವು ಹೊಣೆಯಲ್ಲ ಎಂದರು. ಇತ್ತ ಗಂಡನೆಂಬ ಮಹಾನುಭಾವ ಎಲ್ಲಿ ಮಲಗುತ್ತಿದ್ದರು? ಒಳಗೆ! ಸ್ಲ್ಯಾಬಿನ ಕೆಳಗೆ, ಫ್ಯಾನು ಹಚ್ಚಿಕೊಂಡು! ಹೆಂಡತಿ ಹೊರಗೆ ಬೇಯುತ್ತಿದ್ದರೆ ಇವರು ಒಳಗೆ ಪೊಲಾರಿಟಾನಿನ ಕನಸು ಕಾಣುತ್ತಿದ್ದರು. ಇಂಥವರನ್ನು ಏನೆಂದು ಬಯ್ಯಬೇಕು ನೀವೇ ಹೇಳಿ.

ಅಕ್ಕನನ್ನು ಒಪ್ಪಿಸಲು ನಾನು ಪ್ರಯತ್ನಿಸಿದೆ. ಮಠದ ಅಯ್ಯನವರು ಬಂದು ಎಲ್ಲ ಮೂಲೆಗೂ ವಿಭೂತಿ ಹಚ್ಚಿ ಹೋದರು. ಅಕ್ಕ ಅವರಿಗೆ ಒಳಗೆ ಊಟ ಬಡಿಸಿ, ಹೊರಗೆ ಮಲಗಿದಳು. ಕೊನೆಗೆ ದೇವಣಿಯ ನಮ್ಮ ಸೋದರತ್ತೆಯ ನೆನಪಾಯಿತು. ಅತ್ತೆಯ ಮಾತನ್ನು ಅಕ್ಕ ಎಂದೂ ಮೀರಿದವಳಲ್ಲ. ಹೋಗಿ ಕರೆತನ್ನಿರೆಂದು ಭಾವನವರನ್ನು ಕಳಿಸಿದೆವು. ನೋಡಿ, ನಾವು ಎಂಥ ಬುದ್ಧಿವಂತರು!

ದೇವಣಿ ಎಂದರೆ ಎತ್ತುಗಳ ಊರು. ಬಸ್ಸಿಳಿದ ಕೂಡಲೇ ಭಾವನವರಿಗೆ ಒಂದು ಜೋಡಿ ಎತ್ತು ಕಂಡಿತು. ಒಂದು ಚುರುಕು, ಇನ್ನೊಂದು ನಿಧಾನ. ನೊಗ ಹೂಡಿದ ಮೇಲೆ ಚುರುಕಿನದು ತನ್ನ ನಡಿಗೆಯಲ್ಲಿಲ್ಲ, ನಿಧಾನದ್ದೂ ತನ್ನ ನಡಿಗೆಯಲ್ಲಿಲ್ಲ. ಜೋಡಿಯದೇ ಬೇರೆ ನಡಿಗೆ. ಬೆಳಕು, ವಸ್ತುಗಳ ಸಂಬಂಧವೂ ಹೀಗೇ, ಕನ್ನಡಿಗಳೇ ನೊಗ, ಎಂದು ಎತ್ತಿನವನಿಗೆ ಹೊತ್ತು ಇಳಿಯುವ ತನಕ ವಿವರಿಸಿದ್ದಾರೆ. ಆ ಪುಣ್ಯಾತ್ಮ ಕೈಕಟ್ಟಿ ಎಲ್ಲ ಕೇಳಿ, "ಅದೆಲ್ಲಾ ಖರೇ ಅದ ಸರ್, ಎತ್ತು ತಗೋತೀರೋ ಇಲ್ಲೋ?" ಎಂದನಂತೆ. ಭಾವ ಕಡೆಯ ಬಸ್ಸು ಹಿಡಿದು ಮರಳಿದರು. ಅತ್ತೆಯನ್ನು ಮಾತ್ರ ಮರೆತು ಬಂದಿದ್ದರು. ಎರಡೂ ಕೈಯಲ್ಲಿ ಪೊಲಾರಿಟಾನ್ ಹಿಡಿದವರು ಅತ್ತೆಯನ್ನು ಹೇಗೆ ತಂದಾರು?

ಅಕ್ಕ ಮಾತ್ರ ಸಿಟ್ಟಾಗಲಿಲ್ಲ. ಚಪಾತಿ ಲಟ್ಟಿಸುತ್ತ ಎತ್ತಿನ ಕತೆಯನ್ನೆಲ್ಲ ಕೇಳಿ, "ಅರ್ಧ ಬೆಳಕಂತ, ಅರ್ಧ ವಸ್ತು ಅಂತ. ಇರಲಿ. ಅದರ ಮ್ಯಾಲ ಸ್ಲ್ಯಾಬ್ ಅದನೋ ಇಲ್ಲೋ?" ಎಂದಳು.

ಈ ಪ್ರಶ್ನೆ ಭಾವನವರ ತಲೆಯಲ್ಲಿ ಏನೋ ಹೊತ್ತಿಸಿತು. ಆ ಮಾಘ ಮುಗಿಯುವಷ್ಟರಲ್ಲಿ ಕಾಲೇಜಿನ ಪ್ರಯೋಗಶಾಲೆಯಿಂದ ಕೇಳಿಕೊಂಡು ಎರಡು ಅರೆಬೆಳ್ಳಿ ಲೇಪದ ಕನ್ನಡಿ, ಒಂದು ಕೆಂಪು ಲೇಸರು ತಂದರು. ಅರೆವಾಹಕವೂ ಇಲ್ಲ, ಪೊಲಾರಿಟಾನೂ ಇಲ್ಲ. ಬಡವರ ಮನೆಯ ಕುಹರ, ಬೆಳಕನ್ನು ಕೂಡಿಹಾಕುವ ಬರೀ ಗೂಡು. ಕನ್ನಡಿಗಳನ್ನು ಎದುರುಬದುರು ನಿಲ್ಲಿಸಿ ಲೇಸರು ಬಿಟ್ಟರೆ, ಬೆಳಕು ನಡುವೆ ಓಡಾಡಿ ಹೊರಬಂದು ಗೋಡೆಯ ಮೇಲೆ ಕೆಂಪು ಬಳೆಗಳಂತೆ ಉಂಗುರ ಮೂಡಿಸುತ್ತದೆ. ಕನ್ನಡಿ ಕೂದಲೆಳೆಯ ನೂರರಲ್ಲೊಂದು ಪಾಲು ಸರಿದರೂ ಬಳೆಗಳು ಕದಲುತ್ತವೆ. ಭಾವನವರ ವಿಚಾರ ಇಷ್ಟೇ: ನಡುಮನೆಯ ನೆಲದ ಮೇಲೆ ಇದನ್ನಿಟ್ಟು, ಬಳೆ ಕದಲದೆ ನಿಂತದ್ದನ್ನು ಅಕ್ಕನಿಗೆ ತೋರಿಸುವುದು. ಮನೆ ಎಷ್ಟು ಸ್ಥಿರವಾಗಿದೆ ಎಂದು ಬೆಳಕೇ ಸಾಕ್ಷಿ ಹೇಳಿದ ಮೇಲೆ ಅವಳು ಒಳಗೆ ಮಲಗದೆ ಎಲ್ಲಿ ಹೋಗುತ್ತಾಳೆ!

ನಮ್ಮ ಕಡೆ ಈಗಲೂ ಮನೆ ಮನೆಯಲ್ಲಿ ಭೂಕಂಪದ ಚರಿಗೆ ಇರುತ್ತದೆ. ಹಿತ್ತಾಳೆಯ ತಟ್ಟೆಯ ಮೇಲೆ ಚೊಂಬಿನಂಥ ಚರಿಗೆ ಬೋರಲು, ಅದರ ಮೇಲೆ ಸ್ಟೀಲ್ ಲೋಟಗಳು. ಅದು ಉರುಳಿ ಸದ್ದಾದರೆ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಬೇಕು. ಚರಿಗೆ ನೆಚ್ಚಿಕೊಂಡ ಓಣಿಗೆ ಬೆಳಕಿನ ಹೊಸ ಯಂತ್ರ ಬಂದಿದೆ ಎಂಬ ಸುದ್ದಿ ಹರಡಲು ಎಷ್ಟು ಹೊತ್ತು? ಪ್ರಯೋಗದ ದಿನ ಹೊಸ್ತಿಲ ಹೊರಗೆ ಇಡೀ ಓಣಿಯೇ ನೆರೆದಿತ್ತು. ನಾನೂ ಉದಗೀರದಿಂದ ಬಂದಿದ್ದೆ. ಕಿಟಕಿ ಮುಚ್ಚಿ, ಓಣಿಯವರು ಇಣುಕುವಷ್ಟೇ ಬಾಗಿಲು ಬಿಟ್ಟು, ಒಳಗೆ ಕತ್ತಲು ಮಾಡಿದರು. ಭಾವ ಲೇಸರು ಒತ್ತಿದರು. ಕೆಂಪು ಬಳೆಗಳು ಮೂಡಿದವು. ಚಂದ ಕಂಡವು, ಸುಳ್ಳು ಹೇಳಬಾರದು.

ಅಷ್ಟರಲ್ಲಿ ಹೆದ್ದಾರಿಯಲ್ಲಿ ತುರೋರಿ ಕಡೆಯಿಂದ ಸಕ್ಕರೆ ಕಾರ್ಖಾನೆಯ ಕಬ್ಬಿನ ಲಾರಿ ಬಂತು. ಬಳೆಗಳು ಗಡಗಡ ನಡುಗಿದವು! ಲಾರಿ ಹೋಯಿತು, ಬಸ್ಸು ಬಂತು. ಬಳೆಗಳು ಅಗಲವಾದವು, ಕಿರಿದಾದವು. ಪಕ್ಕದ ಮನೆಯ ಮುದುಕಿ ಒರಳಿನಲ್ಲಿ ಕುಟ್ಟಿದಳು, ಮತ್ತೆ ನಡುಕ. ಅದು ಲಾರಿ, ಇದು ಒರಳು, ಅದು ಯಾರೋ ಹೆಜ್ಜೆ ಇಟ್ಟದ್ದು ಎಂದು ಭಾವ ಬೆವರುತ್ತ ಹೇಳಿದರು. ಯಾರು ಕೇಳುತ್ತಾರೆ? ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು.

"ಭೂಮಿ ಯಾವಾಗೂ ನಡುಗತಾನೇ ಇರ್ತದ ಅಂತ ನಾ ಬಾಯಿಲೆ ಹೇಳತಿದ್ದೆ" ಎಂದಳು. "ನೀವು ತೋರಿಸಿದ್ರಿ."

ಸಂಜೆಗೆ ಓಣಿಯಲ್ಲಿ ಮಂಚಗಳು ಸಾಲುಗಟ್ಟಿದವು. ಇಷ್ಟು ವರ್ಷ ಧೈರ್ಯವಾಗಿ ಒಳಗೆ ಮಲಗುತ್ತಿದ್ದವರೆಲ್ಲ ಹಾಸಿಗೆ ಹೊತ್ತು ರಸ್ತೆಗೆ ಬಂದರು. ಮಾಸ್ತರರ ಮನೆಯ ಬೆಳಕು ನಡುಗಿತಂತೆ ಎಂಬುದು ಮರುದಿನ ದಾಳಿಂಬದ ಆಟೋಗಳಲ್ಲಿ ಹೊರಟು, ಮುರುಮ ಊರು ಮುಟ್ಟುವಷ್ಟರಲ್ಲಿ ಅವರ ಮನೆಯೇ ಬಿರಿದಿದೆ ಎಂದಾಯಿತು. ನಿಲಂಗಾ ಬಸ್ಸಿನ ಕಂಡಕ್ಟರು ಟಿಕೆಟು ಕೊಡುವ ಮೊದಲು, ಇವತ್ತು ಬೆಳಕು ಹೇಗಿದೆ ಎಂದು ಭಾವನವರನ್ನು ಕೇಳಿದನಂತೆ. ಒಬ್ಬ ಹೆಂಗಸನ್ನು ಒಳಗೆ ಮಲಗಿಸಲು ಹೋಗಿ ಇಡೀ ಓಣಿಯನ್ನು ಹೊರಗೆ ಮಲಗಿಸಿದ ಪಂಡಿತರು ಭರತಖಂಡದಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಸಿ.

ನನಗೆ ತಡೆಯಲಾಗಲಿಲ್ಲ. ಬೇಸಿಗೆ ಬಾಗಿಲಿಗೆ ಬಂದಿತ್ತು. ಅಕ್ಕ ಇನ್ನು ಜನ್ಮದಲ್ಲಿ ಒಳಗೆ ಬರುವುದಿಲ್ಲ ಎಂಬುದು ಖಾತ್ರಿಯಾಗಿತ್ತು. ಪ್ರಯೋಗದ ಮರುದಿನ ಸಂಜೆ ಭಾವ ಕಾಲೇಜಿನಿಂದ ಬಂದು ನಡುಮನೆಯಲ್ಲಿ ಕುಳಿತು ಕನ್ನಡಿಗಳನ್ನು ಹಳೆಯ ಧೋತರದ ಚೂರಿನಲ್ಲಿ ಸುತ್ತುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಹುಚ್ಚಿಗೆ ನನ್ನ ಅಕ್ಕ ಸಾಯಬೇಕೇ ಎಂದೆ. ಹೆಂಡತಿಯನ್ನು ಪತ್ರಾದ ಕೆಳಗೆ ಬಿಟ್ಟು ಫ್ಯಾನಿನ ಕೆಳಗೆ ಮಲಗುವವರಿಗೆ ಯಾವ ಬೆಳಕು, ಯಾವ ಕನ್ನಡಿ ಎಂದೆ. ಒಂದು ಮಾತಿಗೆ ನೂರು ಆಡುವ ಮನುಷ್ಯ ತುಟಿ ಬಿಚ್ಚಲಿಲ್ಲ. ಸುತ್ತಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಸುತ್ತಿದರು.

ಆ ಮೌನ ಅಕ್ಕನಿಗೆ ಕೇಳಿಸಿತೆಂದು ಕಾಣುತ್ತದೆ. ಅಂಗಳದಿಂದ ಬಂದು ಹೊಸ್ತಿಲಲ್ಲಿ ನಿಂತು, ಯಾಕೆ ಸುಮ್ಮನಾದಿರಿ ಎಂದು ಕೇಳಿದಳು.

ಭಾವ ತಲೆ ಎತ್ತಲಿಲ್ಲ. "ನಿನ್ನೆ ಗ್ವಾಡಿ ಮ್ಯಾಲ ಅದು ನಡುಗೂದು ನಾನೂ ನೋಡಿದೆ. ಲಾರಿ ಅಂತ ನನಗ ಗೊತ್ತದ. ಗೊತ್ತಿದ್ರೂ ಅಂಜಿಕಿ ಬಂತು."

ಅಕ್ಕ ಒಂದು ಹೆಜ್ಜೆ ಒಳಗಿಟ್ಟಳು. "ನಿನ್ನೆ ಅಷ್ಟೇ ಬಂತೇನು?"

"ನಿನ್ನೆದಲ್ಲ. ಮೊದಲಿಂದ ಅದ. ನಿಮ್ಮ ಅವ್ವನ್ನ ಮಣ್ಣಾಗಿಂದ ಎತ್ತಿದವರಾಗ ನಾನೂ ಇದ್ದೆ. ಮನಿ ಕಟ್ಟಿದ ಮ್ಯಾಲ ಯಾರರೇ ಒಬ್ರು ಒಳಗ ಮಲಗಿದ್ರ, ಒಂದಿನ ನಿನಗೂ ಧೈರ್ಯ ಬರ್ತದ ಅಂದ್ಕೊಂಡೆ. ಲಗೂ ನಿದ್ದಿ ಹತ್ತೂದಿಲ್ಲ. ಸ್ಲ್ಯಾಬ್ ನೋಡಕೋತ ಬೆಳಕಿಂದು ಲೆಕ್ಕಾ ಮಾಡಕೋತ ಬೀಳತೀನಿ. ಅದರಾಗ ಜೀವ ಒಂದೀಟು ಹಗುರ ಆಗ್ತದ."

ನಾನು ಅಕ್ಕನ ಮುಖ ನೋಡಿದೆ. ಅವಳು ಅಳಲಿಲ್ಲ. "ಇಷ್ಟ್ ವರ್ಷ ಒಬ್ರೇ ಅಂಜಕೋತ ಮಲಗಿದ್ರೇನು?" ಎಂದಷ್ಟೇ ಕೇಳಿ ಹೊರಗೆ ಹೋದಳು. ಶೆಡ್ಡಿನಲ್ಲಿ ಏನೋ ಎಳೆದ ಸದ್ದಾಯಿತು. ಬಂದಾಗ ಅವಳ ಎರಡೂ ತೋಳಿನಲ್ಲಿ ಗಾದಿ, ಕೌದಿ. ಈ ತುದಿ ಹಿಡಿ ಎಂದು ನನಗೆ ಕಣ್ಸನ್ನೆ ಮಾಡಿದಳು.

"ಅಂಜಿಕಿ ನನಗೂ ಹೋಗಿಲ್ಲ, ಮತ್ತ" ಎಂದು ಗಂಡನಿಗೆ ಹೇಳಿದಳು. "ಇಬ್ರೂ ಕೂಡೇ ಅಂಜೋಣ."

ಗಾದಿಯನ್ನು ಅವರ ಗಾದಿಗೆ ಹತ್ತಿಸಿ ಹಾಸಿದೆವು. ದೀಪ ಹಚ್ಚುವ ಹೊತ್ತಿಗೆ ಯಾರೂ ನೆಲಕ್ಕೆ ಬೆನ್ನು ಹಚ್ಚಬಾರದೆಂದು ಅವ್ವ ನಮ್ಮನ್ನು ಬಯ್ಯುತ್ತಿದ್ದಳು. ಅಕ್ಕ ಅದೇ ಹೊತ್ತಿನಲ್ಲಿ ಮಲಗಿದಳು. ಇನ್ನೊಂದು ಗಳಿಗೆ ತಡೆದರೆ ಮನಸ್ಸು ತಿರುಗೀತೆಂಬ ಭಯ ಅವಳಿಗೂ ಇತ್ತು. ಕಣ್ಣು ಅಗಲ ತೆರೆದು ಸ್ಲ್ಯಾಬನ್ನು ನೋಡುತ್ತ, ಪಕ್ಕದಲ್ಲಿ ಕುಳಿತ ಗಂಡನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೆದ್ದಾರಿಯಲ್ಲಿ ಲಾರಿ ಹೋಯಿತು. ಅಕ್ಕನ ಹಿಡಿತ ಇನ್ನೂ ಬಿಗಿಯಾದದ್ದು ನನಗೆ ಕಂಡಿತು. ಅವಳು ಏಳಲಿಲ್ಲ. ನಾನು ಫ್ಯಾನು ಹಚ್ಚಿ, ಬಾಗಿಲು ಪೂರ್ತಿ ತೆರೆದಿಟ್ಟು, ಅವ್ವಾ, ಇವತ್ತೊಂದಿನ ಬಯ್ಯಬೇಡ ಎಂದು ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟೆ.