ಸರದಿ ಸಿಗದ ಸೈರನ್

ವರ್ಷಕ್ಕೆ ನಾಲ್ಕೈದು ಸಲವಾದರೂ ನನ್ನ ಫೋನು ಹೊಡೆದುಕೊಳ್ಳುತ್ತದೆ: "ಮೇಡಂ, ನಿಮ್ಮ ಪೆಟ್ಟಿಗೆ ಏನೋ ಮಾಡ್ಬುಟ್ಟೈತೆ, ಬೇಗ ಬನ್ನಿ."

ಕಾಫಿ ಎಸ್ಟೇಟುಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡಿಕೊಡೋದು ನನ್ನ ಕೆಲಸ. ಒಳಗೆ ಅಂಗೈಯಗಲದ ಒಂದು ಕಂಪ್ಯೂಟರ್. ಪಂಪು, ಕಾಫಿ ಒಣಗಿಸೋ ಡ್ರೈಯರ್, ಸೈರನ್ ಎಲ್ಲವನ್ನೂ ಅದೊಂದೇ ನೋಡಿಕೊಳ್ಳಬೇಕು. ಆದರೆ ಒಂದು ಸಲಕ್ಕೆ ಒಂದೇ ಕೆಲಸ ಮಾಡಬಲ್ಲದು. ಯಾವುದಕ್ಕೆ ಯಾವಾಗ ಸರದಿ ಅಂತ ತೀರ್ಮಾನಿಸೋದು ಕರ್ನಲ್ ಎಂಬ ಪ್ರೋಗ್ರಾಂ. ಯಾವ ಕೆಲಸ ಮೇಲು, ಯಾವುದು ಕೆಳಗೆ ಅಂತ ಅದಕ್ಕೆ ಹೇಳಿಕೊಡುವವಳು ನಾನು. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ತೊಂದರೆ ಇರೋದೇ ಅಲ್ಲಿ.

ಎರಡನೇ ಊಟ

ಹಾನುಬಾಳಿನ ಹತ್ತಿರದ ಒಂದು ಎಸ್ಟೇಟು. ಕಾಫಿ ಹಣ್ಣು ಕುಯ್ಯುವ ಕಾಲ. ಡ್ರೈಯರಿನ ಬಿಸಿ ನೋಡುವ ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲಿಟ್ಟಿದ್ದೆ. ಸೈರನ್ ಎಲ್ಲಕ್ಕಿಂತ ಕೆಳಗೆ. ಬೆಳಿಗ್ಗೆ ಹಚ್ಚಿದ ಡ್ರೈಯರ್ ಒಂದು ಕ್ಷಣವೂ ಬಿಡುವು ಕೊಡಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕೂಗಬೇಕಾದ ಊಟದ ಸೈರನ್‌ಗೆ ಸರದಿಯೇ ಬರಲಿಲ್ಲ. ಆಳುಗಳು ಬಿಸಿಲು ನೋಡಿಕೊಂಡು ಉಂಡು, ಮತ್ತೆ ಗಿಡಕ್ಕೆ ಹೋದರು. ಮೂರೂವರೆಗೆ ಡ್ರೈಯರ್ ನಿಂತಿತು. ಅಲ್ಲಿಯವರೆಗೂ ಕಾದು ಕೂತಿದ್ದ ಊಟದ ಸೈರನ್ ಆಗ ಕೂಗಿತು. ಎಲ್ಲರೂ ಕುಕ್ಕೆ ಕೆಳಗಿಟ್ಟು ನೆರಳಿಗೆ ಬಂದು ಕೂತರು.

ಹಾಜರಿ ಬರೆಯುವ ರೈಟರ್ ಓಡಿದರಂತೆ. "ಆಗ್ಲೇ ಉಂಡಿದ್ರಲ್ರೋ!"

"ಅದು ನಮ್ಮ ಹಸಿವಿಂದು. ಇದು ಸೈರನ್‌ದು" ಅಂದಳಂತೆ ಒಬ್ಬ ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತಾ.

ಸಾಹೇಬರು

ಅದೇ ರೈಟರಿಗೆ ಫೋನಿನಲ್ಲಿ ವಿವರಿಸಿದೆ: "ತಪ್ಪು ಸೈರನ್‌ದಲ್ಲ ಕಣ್ರೀ. ಕರ್ನಲ್ ಅದಕ್ಕೆ ಸರದಿ ಕೊಟ್ಟಿಲ್ಲ."

ಅವರು ದನಿ ತಗ್ಗಿಸಿ ಕೇಳಿದರು: "ಮಿಲಿಟರಿ ಕ್ಯಾಂಟೀನ್ ಕಾರ್ಡು ಇರ್ತದಲ್ಲ ಮೇಡಂ ಅವ್ರತ್ರ? ಹಂಗೇ ಒಂದು ಬಾಟ್ಲಿ ರಮ್ಮಿಗೆ ಕೇಳಿ ನೋಡಿ."

ಬಿಸಿಲಲ್ಲಿ ಮಳೆ

ದೋಣಿಗಲ್ಲಿನಲ್ಲಿ ಒಂದು ಟ್ಯಾಂಕು. ತುಂಬಿದ ಕೂಡಲೇ ಮೋಟರ್ ನಿಲ್ಲಿಸೋದು ಅಲ್ಲಿ ಮೊದಲ ದರ್ಜೆಯ ಕೆಲಸ. ನಿಲ್ಲಿಸುವ ಮುಂಚೆ ಮಾಲೀಕರಿಗೊಂದು ಮೆಸೇಜು ಹೋಗಲಿ ಅಂತ ನಾನೇ ಬರೆದಿದ್ದೆ. ಮೆಸೇಜಿನ ಸಿಮ್ಮು ಮಾತ್ರ ಕೊನೆ ದರ್ಜೆಯ ಇನ್ನೊಂದು ಕೆಲಸದ ಕೈಯಲ್ಲಿತ್ತು. ಅದು ಮುಗಿಸಿ ಸಿಮ್ಮು ಬಿಡೋಣವೆಂದರೆ, ನಡುವಿನ ದರ್ಜೆಯ ಮತ್ತೊಂದು ಕೆಲಸ ಅದಕ್ಕೆ ಸರದಿಯೇ ಕೊಡುತ್ತಿರಲಿಲ್ಲ. ಮೊದಲನೆಯದು ಸಿಮ್ಮಿಗಾಗಿ ಕೊನೆಯದಕ್ಕೆ ಕಾಯುತ್ತಾ ನಿಂತಿತು. ಮೋಟರ್ ನಿಲ್ಲಲಿಲ್ಲ, ಟ್ಯಾಂಕು ಉಕ್ಕಿ ಹರಿಯಿತು.

ಕೆಳಗಿನ ಮನೆಯಮ್ಮ ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ಚರಂಡಿಯಲ್ಲಿ ನೀರು ಬಂದಿದ್ದು ನೋಡಿ, ಮೇಲೆಲ್ಲೋ ಮಳೆ ಹೊಡೀತಿದೆ ಅಂತ, ಸುಡುಬಿಸಿಲಲ್ಲಿ ಅಷ್ಟನ್ನೂ ಬಾಚಿ ಟಾರ್ಪಾಲು ಹೊದಿಸಿದರು. ನಾನು ಹೋದಾಗ ಅವರ ಬೆನ್ನು ನೆಟ್ಟಗಾಗಿರಲಿಲ್ಲ.

ಟ್ಯಾಂಕಿನ ಪಕ್ಕದಲ್ಲೇ ಕೂತಿದ್ದ ಕಾವಲುಗಾರನನ್ನು ಕೇಳಿದೆ: "ಸ್ವಿಚ್ ಆರಿಸೋಕೇನಾಗಿತ್ತು ಮಾರಾಯ?"

ಅವನು ಪೆಟ್ಟಿಗೆ ಮೇಲೆ ನಾನೇ ಅಂಟಿಸಿದ್ದ ಚೀಟಿ ತೋರಿಸಿದ. 'ಇದು ಆಟೋಮ್ಯಾಟಿಕ್. ಯಾರೂ ಮುಟ್ಟಬಾರದು.'

"ನಾನು ಓದಿದೋನು ಮೇಡಂ" ಅಂದ.

ಸೋಮಾರಿ

ವನಗೂರಿನ ಯಜಮಾನರೊಬ್ಬರು, ಪೆಟ್ಟಿಗೆ ಒಳಗೆ ಏನೇನು ನಡೀತದೆ ನೋಡಬೇಕು ಅಂತ ಹಟ ಹಿಡಿದು ಅದಕ್ಕೊಂದು ಕಂಪ್ಯೂಟರ್ ಪರದೆ ಹಾಕಿಸಿಕೊಂಡರು. ಯಾವ ಕೆಲಸಕ್ಕೆ ಎಷ್ಟು ಸಮಯ ಹೋಯಿತು ಅಂತ ಅದರಲ್ಲಿ ಬರುತ್ತದೆ. ನೂರರಲ್ಲಿ ಪಂಪು ಒಂದು ಪಾಲು, ಡ್ರೈಯರ್ ಎರಡು ಪಾಲು. ಉಳಿದ ತೊಂಬತ್ತೇಳು ಪಾಲೂ 'ಐಡಲ್', ಅಂದರೆ ಸುಮ್ಮನೆ ಕೂತಿರೋದು.

ಯಜಮಾನರ ಮುಖ ಕೆಂಪಾಯಿತು. "ಯಾರಮ್ಮಾ ಇವ್ನು? ದಿನಾ ಪೂರ್ತಿ ಕೂತೇ ಇರ್ತಾನಲ್ಲ! ಮೊದ್ಲು ಇವ್ನ ತೆಗಿ."

"ತೆಗೆಯೋಕಾಗಲ್ಲ ಸಾರ್. ಕಂಪ್ಯೂಟರ್ ಯಾವುದಾದ್ರೂ ಒಂದನ್ನ ನಡೆಸ್ತಾನೇ ಇರ್ಬೇಕು. ಬೇರೇನೂ ಇಲ್ದಾಗ ಇವನ ಸರದಿ. ಬೇರೆಯವರು ಬಂದ ಕೂಡ್ಲೇ ಎದ್ದು ಜಾಗ ಬಿಡ್ತಾನೆ."

"ಸುಮ್ನೆ ಕೂರೋಕೂ ಒಬ್ನು ಬೇಕಾ? ಯಾವ ಸೀಮೆ ಪದ್ಧತಿ ಇದು?"

ಕಾಫಿ ತಂದ ಅವರ ಹೆಂಡತಿ ಪರದೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಇರ್ಲಿ ಬಿಡ್ರೀ ಪಾಪ. ಅವನು ಬೇರೆಯವ್ರು ಬಂದ್ರೆ ಏಳ್ತಾನಾದ್ರೂ ಏಳ್ತಾನೆ."