ತಾರಸಿಯಲ್ಲಿ ಗಾಬರಿ ಗಂಗಮ್ಮ

ಶಶಿಕಲಾ ತಾರಸಿಗೆ ಹೋಗಿದ್ದು ಸಾಯಂಕಾಲ ಉಡಬೇಕಾದ ಸೀರೆಯನ್ನು ಬಿಸಿಲಿಗೆ ಹಾಕುವುದಕ್ಕೆ. ಅವಳು ನೀರಿನ ಟ್ಯಾಂಕಿನ ಆಚೆ ಹಗ್ಗದ ಹತ್ತಿರ ಇರುವಾಗ ಮನೆ ಓನರ್ ಹೆಂಡತಿ ರಾಮಕ್ಕ ಮೆಟ್ಟಿಲು ಹತ್ತಿ ಬಂದು, ತೆರೆದ ಬಾಗಿಲು ಕಂಡು, ಕೋತಿ ನುಗ್ಗೀತು ಅಂತ ಒಳಗಿನಿಂದ ಚಿಲಕ ಹಾಕಿಕೊಂಡು ಇಳಿದುಹೋದಳು.

ಚಿಲಕದ ಸದ್ದು ಕೇಳಿ ಶಶಿಕಲಾ ಓಡಿಬಂದು ಬಾಗಿಲು ಬಡಿಯುವಷ್ಟರಲ್ಲಿ ರಾಮಕ್ಕ ಇಳಿದಾಗಿತ್ತು. ಮರುಕ್ಷಣವೇ ಒಲೆಯ ಮೇಲಿಟ್ಟ ಬೇಳೆಯ ಕುಕ್ಕರು ನೆನಪಾಯಿತು. ಫೋನೂ ಕೆಳಗೇ ಇತ್ತು.

ಬೇರೆ ಯಾವ ದಿನವಾದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಸಾಯಂಕಾಲ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮಹಿಳಾ ದಿನದ ಕಾರ್ಯಕ್ರಮ. ಅಲ್ಲಿ ಅವಳದು ಅರ್ಧ ಗಂಟೆಯ ಸ್ಟ್ಯಾಂಡ್ ಅಪ್ ಕಾಮಿಡಿ, ಜೀವನದಲ್ಲೇ ಮೊದಲನೆಯದು. ಇಷ್ಟು ವರ್ಷ ಟೀವಿಯಲ್ಲಿ ಬೇರೆಯವರು ಬರೆದದ್ದನ್ನು ಕಿರುಚಿದ್ದಾಗಿತ್ತು. ಇವತ್ತು ಕೈಯಲ್ಲಿ ಮೈಕು, ಬಾಯಲ್ಲಿ ಸ್ವಂತ ಮಾತು. ಜನ ನಕ್ಕರೆ ಕಂಪನಿಯ ಎಲ್ಲ ಬ್ರಾಂಚುಗಳಿಗೂ ಕರೆಸುತ್ತೇವೆ ಎಂದು ಎಚ್‌ಆರ್ ಪ್ರಸನ್ನ ಮಾತು ಕೊಟ್ಟಿದ್ದ.

ಅವಳು ಕಟ್ಟೆಗೆ ಒರಗಿ ಬೀದಿಗೆ ಬಗ್ಗಿ ಕೂಗಿದಳು. "ಯಾರಾದ್ರೂ ಬನ್ರಪ್ಪಾ, ಬಾಗಿಲು ತೆಗೀರಿ."

ತಪ್ಪಾಗಿದ್ದು ಅಲ್ಲೇ. ಮಂಗಳವಾರದ ಕಾಮಿಡಿ ಸೀರಿಯಲ್ಲಿನಲ್ಲಿ ಅವಳದು ಗಾಬರಿ ಗಂಗಮ್ಮನ ಪಾತ್ರ. ವಾರಕ್ಕೊಮ್ಮೆ ಗಂಗಮ್ಮ ಬಾವಿಯಲ್ಲೋ ಬೀರುವಿನಲ್ಲೋ ಸಿಕ್ಕಿಹಾಕಿಕೊಂಡು "ಯಾರಾದ್ರೂ ಬನ್ರಪ್ಪಾ" ಅನ್ನುತ್ತಾಳೆ. ಯಾರೂ ಬರುವುದಿಲ್ಲ. ಚಿಕ್ಕಬಾಣಾವರದ ಆ ಬೀದಿಯಲ್ಲಿ ಮಂಗಳವಾರ ನಲ್ಲಿ ನೀರು ಬಂದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಹಸುವಿಗೆ ಹುಲ್ಲು ಹಾಕುತ್ತಿದ್ದ ಓನರ್ ಮುನಿಯಣ್ಣ ತಲೆ ಎತ್ತಿ ನೋಡಿ, ಹುಲ್ಲಿನ ಮೇಲೇ ಕುಸಿದು ಕೂತು ನಕ್ಕ.

"ರಾಮಕ್ಕೋ, ಬಾ ಇಲ್ಲಿ. ನಮ್ಮನೆ ಮೇಲೇ ಸೂಟಿಂಗು ನಡೀತಾ ಐತೆ."

"ಶೂಟಿಂಗ್ ಅಲ್ಲ ಮುನಿಯಣ್ಣ. ನಿಜವಾಗ್ಲೂ ಸಿಕ್ಕಾಕೊಂಡಿದ್ದೀನಿ."

"ಪ್ರತಿ ವಾರಾನೂ ಇಂಗೇ ಅಂತೀಯಲ್ಲವ್ವ," ಎಂದು ಅವನು ಕಣ್ಣೊರೆಸಿಕೊಂಡ.

ಬೀದಿ ತುಂಬಿತು. ಒಬ್ಬರು ಕುರ್ಚಿ ತಂದರು. ಕ್ಯಾಮೆರಾ ಎಲ್ಲಿದೆ ಎಂಬ ಪ್ರಶ್ನೆ ಎದ್ದಾಗ, ಈಗೆಲ್ಲ ಅಡಗಿಸಿ ಇಟ್ಟಿರುತ್ತಾರೆ ಎಂದು ಇಸ್ತ್ರಿ ಅಂಗಡಿಯ ಸೋಮಪ್ಪ ವಿವರಿಸಿದ. ಕೂಡಲೇ ಗಂಡಸರೆಲ್ಲ ಬಾಚಣಿಗೆ ತೆಗೆದರು. ರಾಮಕ್ಕನಂತೂ "ಈ ಹರಕಲು ನೈಟೀಲಿ ಕಾಣಿಸ್ಕಳ್ಳಕ್ಕಾಯ್ತದಾ" ಎಂದು ಮನೆಯೊಳಗೆ ಓಡಿದಳು.

"ಮುನಿಯಣ್ಣ, ಕುಕ್ಕರ್ ಇಟ್ಟು ಬಂದಿದ್ದೀನಿ. ನಿಮ್ಮ ಮನೇನೇ ಹೋಗುತ್ತೆ. ದಯವಿಟ್ಟು ಚಿಲಕ ತೆಗೀರಿ."

ಮುನಿಯಣ್ಣ ಗಂಭೀರನಾದ. "ಡೈರೆಕ್ಟ್ರು ಏಳ್ದೆ ನಾವು ತೆಗೆದ್ರೆ ಸೀನು ಕೆಡಾಕಿಲ್ವಾ?"

"ಯಾವ ಡೈರೆಕ್ಟರೂ ಇಲ್ಲ. ನಮ್ಮೆಜಮಾನ್ರಿಗಾದ್ರೂ ಒಂದು ಫೋನ್ ಮಾಡಿ."

ಗಂಡ ಶ್ಯಾಮಸುಂದರ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಮುನಿಯಣ್ಣ ಫೋನು ಹಚ್ಚಿ ತಾರಸಿಯ ಕಡೆ ಎತ್ತಿ ಹಿಡಿದ. ಶಶಿಕಲಾ ಉಸಿರು ಕಟ್ಟಿ ಕೂಗಿದಳು. ಆ ಕಡೆಯಿಂದ ಶ್ಯಾಮಸುಂದರ ಎರಡು ಕ್ಷಣ ಕೇಳಿ, "ಸಂಜೆ ಪ್ರೋಗ್ರಾಮ್ ಇದೆ ಕಣ್ರೀ, ರಿಹರ್ಸಲ್ ಮಾಡ್ತಿದ್ದಾಳೆ. ಚೆನ್ನಾಗ್ ಬರ್ತಿದೆ ಅಂತ ಹೇಳಿ" ಎಂದು ಫೋನ್ ಇಟ್ಟುಬಿಟ್ಟ.

ಅಡುಗೆಮನೆಯ ಕಿಟಕಿಯಿಂದ ಹೊಗೆ ಬರತೊಡಗಿತು. ಜನ ಶಿಳ್ಳೆ ಹಾಕಿದರು.

"ಒಗೆ ಮಿಷನ್ನೂ ತಂದವ್ರೆ ಕಣ್ಲಾ, ಬಾರಿ ಕರ್ಚು," ಎಂದ ಮುನಿಯಣ್ಣ, ತನ್ನ ಕಟ್ಟಡ ಮಸಿ ಹಿಡಿಯುವುದನ್ನು ಹೆಮ್ಮೆಯಿಂದ ನೋಡುತ್ತಾ.

ಆಗ ಕುಕ್ಕರಿನ ವಾಲ್ವು ಮದುವೆಮನೆ ಪಟಾಕಿಯಂತೆ ಸಿಡಿಯಿತು. ಇಡೀ ಬೀದಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶಶಿಕಲಾ ಸೀರೆಯ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೊದಲು ಭಯಕ್ಕೆ, ಆಮೇಲೆ ಸಿಟ್ಟಿಗೆ. ಅಳುವುದರಲ್ಲೂ ಎಂಥ ಟೈಮಿಂಗ್ ನೋಡಿ ಎಂದು ಸೋಮಪ್ಪ ಪಕ್ಕದವರಿಗೆ ತೋರಿಸಿದ.

ಅವಳನ್ನು ಬಿಡಿಸಿದ್ದು ಕರುಣೆಯಲ್ಲ, ರೇಷ್ಮೆ ಸೀರೆ. ರಾಮಕ್ಕ ಮದುವೆಯ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು, ಸೀನಿನಲ್ಲಿ ತಾನೂ ಇರಬೇಕೆಂದು ಮೂಗಿಗೆ ಸೆರಗು ಹಿಡಿದೇ ಮೆಟ್ಟಿಲು ಹತ್ತಿ ಚಿಲಕ ತೆಗೆದಳು.

"ಶಶಿಕಲಾ, ನಾನು ಯಾವ ಕಡೀಕೆ ಮಕ ತಿರುಗಿಸ್ಲಿ?"

ಶಶಿಕಲಾ ಅವಳನ್ನು ತಳ್ಳಿಕೊಂಡು ಕೆಳಗೆ ಓಡಿದಳು. ಒಲೆ ಆರಿಸುವಾಗ ಕೈ ಸುಟ್ಟಿತು. ಬೇಳೆ ಚಾವಣಿಗೆ ಅಂಟಿಕೊಂಡು ಅಲ್ಲಿಂದ ಒಂದೊಂದೇ ಉದುರುತ್ತಿತ್ತು. ಒಣಹಾಕಿದ ಸೀರೆಗೆ ಹೊಗೆಯ ವಾಸನೆ. ಮಧ್ಯಾಹ್ನ ಅದನ್ನೇ ಉಟ್ಟು, ಕೈಗೆ ಕರ್ಚೀಫು ಸುತ್ತಿಕೊಂಡು ಟ್ಯಾಕ್ಸಿ ಹತ್ತಿದಳು. ಹೆಬ್ಬಾಳದಿಂದ ಮುಂದಕ್ಕೆ ಗಾಡಿ ಬಸವನಹುಳುವಿನಂತೆ ತೆವಳುವಾಗ, ಗಂಡನ ಮೇಲೆ ತಿಂಗಳುಗಟ್ಟಲೆ ಹೊಸೆದಿದ್ದ ಜೋಕುಗಳನ್ನು ನೆನೆಸಿಕೊಳ್ಳಲು ನೋಡಿದಳು. ಒಂದೂ ಬಾಯಿಗೆ ಬರಲಿಲ್ಲ.

ವೇದಿಕೆಯ ಪಕ್ಕದಲ್ಲಿ ಪ್ರಸನ್ನ ಕಾಯುತ್ತಿದ್ದ. "ಮೇಡಂ, ಎಲ್ಲಾ ನಗೋಕೆ ರೆಡಿಯಾಗಿ ಕೂತಿದ್ದಾರೆ."

ಮೈಕು ಹಿಡಿದಾಗ ಅವಳಿಗೆ ಹೊಳೆಯಿತು. ಬೆಳಗ್ಗೆ ಒಂದು ಬೀದಿಯೇ ಬಿದ್ದುಬಿದ್ದು ನಕ್ಕ ವಿಷಯ ಕೈಯಲ್ಲಿರುವಾಗ ಹಳೆ ಜೋಕು ಯಾಕೆ? ಚಿಲಕದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮುನಿಯಣ್ಣನ ಹಾಗೆ ಹುಲ್ಲಿನ ಮೇಲೆ ಕುಸಿದು ತೋರಿಸಿದಳು. ರಾಮಕ್ಕನ ಹಾಗೆ ಕುತ್ತಿಗೆ ತಿರುಗಿಸಿದಳು. ಅಂಥ ಅಭಿನಯ ಅವಳು ಹಿಂದೆಂದೂ ಮಾಡಿರಲಿಲ್ಲ.

ಒಬ್ಬರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಯಾರೂ ಮಂಗಳವಾರದ ಸೀರಿಯಲ್ ನೋಡಿದವರಲ್ಲ. ಅವರ ಕಣ್ಣಿಗೆ ಕಂಡದ್ದು ಸುಟ್ಟ ಕೈಯ, ಹೊಗೆ ನಾರುವ ಸೀರೆಯ ಒಬ್ಬ ಹೆಂಗಸು. ಕಥೆಯಲ್ಲಿ ಕುಕ್ಕರ್ ಸಿಡಿದಾಗ ಮುಂದಿನ ಸಾಲಿನಲ್ಲಿ ಒಬ್ಬಳು ಬಿಕ್ಕಿದಳು. ಶ್ಯಾಮಸುಂದರ ಫೋನ್ ಕಟ್ ಮಾಡಿದ ಭಾಗಕ್ಕೆ ಉರುಳಾಡಿ ನಗುತ್ತಾರೆಂದು ಅವಳು ಅಂದುಕೊಂಡಿದ್ದಳು; ಅಲ್ಲಿಗೆ ಬಂದಾಗ ಹಿಂದಿನಿಂದ ಯಾರೋ "ಕಂಪ್ಲೇಂಟ್ ಕೊಡಿ ಮೇಡಂ, ನಾವಿದ್ದೀವಿ" ಅಂದರು.

"ಅಯ್ಯೋ, ಇದು ಜೋಕು," ಎಂದಳು ಶಶಿಕಲಾ.

ಅದನ್ನು ಕೇಳಿ ಇನ್ನೂ ನಾಲ್ಕು ಜನ ಕಣ್ಣೊರೆಸಿಕೊಂಡರು. ಕೊನೆಗೆ ಸಭೆಯೆಲ್ಲ ಎದ್ದು ನಿಂತು, ಸಂತಾಪಸಭೆಯಲ್ಲಿ ನಿಲ್ಲುವ ಹಾಗೆ, ತಲೆ ತಗ್ಗಿಸಿ ನಿಧಾನವಾಗಿ ಚಪ್ಪಾಳೆ ತಟ್ಟಿತು.

ಎಲ್ಲ ಹೋಯಿತು ಅಂದುಕೊಂಡು ಅವಳು ಕೆಳಗಿಳಿದರೆ, ಪ್ರಸನ್ನ ಎದುರು ಬಂದ. ಒಂದು ಕೈಯಲ್ಲಿ ಮುಲಾಮು, ಇನ್ನೊಂದರಲ್ಲಿ ಹೂಗುಚ್ಛ.

"ಮೇಡಂ, ಈಗಷ್ಟೇ ಕಂಪನಿ ಡೈರೆಕ್ಟರ್ ಹೇಳಿದ್ರು. ನಮ್ಮ ಎಲ್ಲಾ ಬ್ರಾಂಚ್‌ಗೂ ನೀವು ಬರ್ಲೇಬೇಕಂತೆ."

ಶಶಿಕಲಾಗೆ ನಂಬಲಾಗಲಿಲ್ಲ. "ನಿಜವಾಗ್ಲೂ? ಕಾಮಿಡಿಗಾ?"

"ಅಲ್ಲ ಮೇಡಂ, ಫೈರ್ ಸೇಫ್ಟಿ ವೀಕ್‌ಗೆ. ಅಗ್ನಿಶಾಮಕದವ್ರು ಬಂದು ಎಷ್ಟ್ ಹೇಳಿದ್ರೂ ನಮ್ಮೋರಿಗೆ ನಾಟಿರ್ಲಿಲ್ಲ. ಇವತ್ತು ಅರ್ಧ ಜನ ಮನೆಗೆ ಫೋನ್ ಮಾಡಿ ಗ್ಯಾಸ್ ಆಫ್ ಮಾಡ್ಸಿದ್ದಾರೆ. ಇದನ್ನೇ ಹೇಳಿ. ಒಂದೇ ರಿಕ್ವೆಸ್ಟ್, ನಡುವೆ ನಡುವೆ ಆ ಮುಖ ತಿರುಗಿಸೋದು, ಬೀಳೋದು, ಅದೆಲ್ಲ ಬೇಡ. ಸೀರಿಯಸ್‌ನೆಸ್ ಕಡಿಮೆಯಾಗುತ್ತೆ."

ಶಶಿಕಲಾ ಅವನ ಮುಖ ನೋಡಿದಳು, ಹೂಗುಚ್ಛ ನೋಡಿದಳು. ಹೊಟ್ಟೆಯೊಳಗಿಂದ ಎಲ್ಲಿಂದಲೋ ನಗು ಎದ್ದುಬಂತು. ಅವಳು ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಪಕ್ಕೆ ನೋಯುವ ತನಕ ನಕ್ಕಳು. ಆ ಸಭಾಂಗಣದಲ್ಲಿ ಅವತ್ತು ಕೇಳಿದ ನಗು ಅದೊಂದೇ.

"ಪಾಪ, ಶಾಕ್ ಇನ್ನೂ ಇಳಿದಿಲ್ಲ," ಎಂದು ಪ್ರಸನ್ನ ಮೆಲ್ಲಗೆ ಅವಳನ್ನು ಕೂರಿಸಿ, ಡಾಕ್ಟರನ್ನು ಕರೆಯಲು ಓಡಿದ.