ಗಾಂಧಾರದ ಕೆಳಗಿನ ಗೆರೆ

ನೀಟಾಗಿ ಬರೆಯುವವರನ್ನು ಸಂಗೀತದಿಂದ ಸ್ವಲ್ಪ ದೂರ ಇಡುವುದು ಒಳ್ಳೆಯದು. ನಾನು ಅಥಣಿಯಿಂದ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದವನು; ಹಾಳೆಯ ಮೇಲೆ ಕಲೆ, ಗೀಟು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿ ಸುಶೀಲಾ ಹಾಡುಗಾರಿಕೆಯ ಪರೀಕ್ಷೆಗೆ ಎರಡನೆಯ ಸಲ ಕಟ್ಟಿದಾಗ ಈ ಗುಣ ಅವಳ ಕೊರಳಿಗೇ ಬಂತು. "ಈ ಸಲನೂ ನಪಾಸಾದ್ರ ತಂಬೂರಿ ಅಟ್ಟದ ಮ್ಯಾಲ ಇಡ್ತೀನ್ರಿ" ಅಂದಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು.

ಕುಡಚಿಯಿಂದ ಬಂದು ಕಲಿಸುತ್ತಿದ್ದ ದಸ್ತಗೀರ ಮಾಸ್ತರರು ಭೀಮಪಲಾಸ ರಾಗದ ಸ್ವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನಿಪ್ಪಾಣಿಯ ಪರೀಕ್ಷಾ ಕೇಂದ್ರದಲ್ಲಿ ಹಾರ್ಮೋನಿಯಂ ಪೇಟಿ ನುಡಿಸುವವರು ಅದನ್ನು ನೋಡಿಯೇ ಸಾಥ್ ಕೊಡಬೇಕು. ಹಾಳೆಯ ಮೇಲೆ ಚಹಾ ಚೆಲ್ಲಿದ್ದರಿಂದ ನಾನು ಶುದ್ಧಪ್ರತಿ ಮಾಡಿದೆ. ಕೆಲವು ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆ. ಅದು ಮಸಿ ಸಿಡಿದದ್ದು. ಗಾಂಧಾರದ ಗ, ನಿಷಾದದ ನಿ ಬಂದಲ್ಲೆಲ್ಲ ಕೆಳಗೆ ಗೆರೆ. ಅದು ಓದುವಾಗ ಎಳೆದದ್ದು. ಹೀಗೆ ತೀರ್ಮಾನಿಸಿ ಎರಡನ್ನೂ ಬಿಟ್ಟೆ. ಒಂದನ್ನೂ ಬಿಡದೆ ಅವೇ ಅಕ್ಷರಗಳಿಗೇಕೆ ಗೆರೆ ಎಂದು ಸುದ್ದಿಗಾರನಿಗೆ ಅನುಮಾನ ಬರಲಿಲ್ಲ.

ಪರೀಕ್ಷೆಯ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸುಶೀಲಾಳಿಗಿಂತ ಮೊದಲಿನ ಹುಡುಗಿಯನ್ನು ಪರೀಕ್ಷಕರು ಕೇಳಿದರು: "ಗಾಂಧಾರದ ಕೆಳಗ ಗೆರಿ ಇದ್ರ ಏನವಾ?"

"ಕೋಮಲ್ ರಿ. ಸ್ವರ ಇಳಿಸಿ ಹಾಡಬೇಕ್ರಿ."

"ಮ್ಯಾಲ ಚುಕ್ಕಿ?"

"ಮ್ಯಾಲಿನ ಸಪ್ತಕ ರಿ."

ನಾನು ಬಿಟ್ಟದ್ದು ಅವೆರಡನ್ನೇ. ಶುದ್ಧಪ್ರತಿ ಆಗಲೇ ಪೇಟಿಯ ಮೇಲೆ ಕೂತಿತ್ತು. ಸುಶೀಲಾ ತಂಬೂರಿ ಮೀಟತೊಡಗಿದ್ದಳು. ಏಳುವಂತಿಲ್ಲ, ಕೂಗುವಂತಿಲ್ಲ.

ಮೊದಲ ಸಾಲಿಗೇ ಅವಳ ಗಾಂಧಾರ ಒಂದು ಕಡೆ, ಪೇಟಿಯ ಗಾಂಧಾರ ಇನ್ನೊಂದು ಕಡೆ. ಪರೀಕ್ಷಕರ ಪೆನ್ನು ನಿಂತಿತು. ಸುಶೀಲಾ ಹಾಡು ನಿಲ್ಲಿಸಿ ಹಾಳೆಯತ್ತ ಬಗ್ಗಿ ನೋಡಿದಳು; ಆಮೇಲೆ ನನ್ನನ್ನು ನೋಡಿದಳು.

"ಹಾಳ್ಯಾಗ ಎಲ್ಲಾ ಶುದ್ಧ ಸ್ವರ ಅದಾವಲ್ರಿ ಬಾಯಾರ" ಎಂದರು ಪೇಟಿಯವರು.

"ನಮ್ಮ ಮನಿಯವರು ತೊಳದಾರ್ರಿ. ಅದನ್ನ ಮಗಚಿ ಇಡ್ರಿ, ನನ್ನ ದನಿ ಹಿಡಕೊಂಡು ಬರ್ರಿ."

ಪರೀಕ್ಷಕರು ನಗಲಿಲ್ಲ. ಆದರೆ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು. ಅವಳು ಮತ್ತೆ ಮೊದಲಿನಿಂದ ಹಾಡಿದಳು.

ಪಾಸಾದಳು. ಪ್ರಾಯಶ್ಚಿತ್ತಕ್ಕೆಂದು ಪಾಸಾದವರ ಸುದ್ದಿ ಬರೆದು, ದಪ್ಪಕ್ಷರದಲ್ಲಿ ಬರಲೆಂದು ಅವಳ ಹೆಸರಿನ ಕೆಳಗೆ ಗೆರೆ ಎಳೆದು ಕಳಿಸಿದೆ. ಪತ್ರಿಕೆಯಲ್ಲಿ ಅದು ಉಳಿದೆಲ್ಲ ಹೆಸರುಗಳಂತೆಯೇ ಸಾದಾ ಅಕ್ಷರದಲ್ಲಿ ಬಂದಿತ್ತು.

"ಅಲ್ಲೂ ನಿಮ್ಮಂಥವರು ಒಬ್ಬರು ಕುಂತಾರ" ಎಂದು ಸುಶೀಲಾ ನನ್ನ ಜೇಬಿನ ಪೆನ್ನು ತೆಗೆದು, ತನ್ನ ಹೆಸರಿನ ಕೆಳಗೆ ತಾನೇ ಗೆರೆ ಎಳೆದಳು. ಸ್ವಲ್ಪ ಸೊಟ್ಟಗಿತ್ತು. ನಾನು ತಿದ್ದಲು ಹೋಗಲಿಲ್ಲ.